ನಿಯಂತ್ರಿತ ಗುಂಪು

ಒಂದು ಕಾಲಿಗೆ ಕಾಲುಚೀಲ ಏರಿಸಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು, ಮಂಚದ ಅಂಚಿನಲ್ಲಿ ಕೂತು ಎಷ್ಟು ಹೊತ್ತಾಯಿತೆಂದು ಅವನಿಗೇ ಗೊತ್ತಿರಲಿಲ್ಲ. ಎದ್ದು ಹೊರಡಬೇಕಿತ್ತು. ಎಂಟೂವರೆಯ ಬಸ್ಸು ತಪ್ಪಿದರೆ ಮುಂದಿನದು ಹತ್ತೂವರೆಗೆ. ಮಧ್ಯಾಹ್ನ ಒಂದಕ್ಕೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕಿಟಕಿ ಮುಚ್ಚುತ್ತದೆ. ಅಷ್ಟರಲ್ಲಿ ಗೈಡಿನ ಸಹಿ ಹಾಕಿಸಿ ಪ್ರಬಂಧ ಒಪ್ಪಿಸದಿದ್ದರೆ ಎಂ.ಎಡ್. ಇನ್ನೊಂದು ವರ್ಷ ಮುಂದಕ್ಕೆ. ಇದನ್ನೆಲ್ಲ ತಲೆ ಸರಿಯಾಗಿಯೇ ಹೇಳುತ್ತಿತ್ತು, ಕೈ ಮಾತ್ರ ಕೇಳುತ್ತಿರಲಿಲ್ಲ. ಕಾಲುಚೀಲದ ಹಿಮ್ಮಡಿ ಸವೆದು ಜಾಲರಿಯಾಗಿತ್ತು. ಅದರೊಳಗೆ ಬೆರಳು ತೂರಿಸಿ ನೋಡುತ್ತಾ, ನಲವತ್ತೆಂಟನೆಯ ವಯಸ್ಸಿಗೆ ಮನುಷ್ಯ ಪರೀಕ್ಷೆಗೆ ಹೆದರಬಾರದು ಎಂದುಕೊಂಡ. ಆದರೆ ಹೆದರಿಕೆ ಪರೀಕ್ಷೆಯದಲ್ಲ ಎಂಬುದೂ ಗೊತ್ತಿತ್ತು. ಮೇಜಿನ ಮೇಲಿದ್ದ ಅಂಕಪಟ್ಟಿಯಲ್ಲಿ, ಬಿ ಸೆಕ್ಷನ್ನಿನ ಹತ್ತೊಂಬತ್ತನೆಯ ಸಾಲಿನಲ್ಲಿ, ಒಂದು ಮೂವತ್ತೇಳು ಕೂತಿತ್ತು. ನಲವತ್ತಕ್ಕೆ ಮೂವತ್ತೇಳು. ಅದರ ಹಿಂದೆ ಮುಂದೆ ಹನ್ನೆರಡು, ಹದಿನೈದು, ಒಂಬತ್ತು, ಹದಿನಾಲ್ಕು. ತಲೆ ತಗ್ಗಿಸಿ ಕೂತ ಮಕ್ಕಳ ಸಾಲಿನಲ್ಲಿ ಒಬ್ಬಳು ಮಾತ್ರ ಎದ್ದು ನಿಂತ ಹಾಗೆ ಕಾಣುತ್ತಿತ್ತು ಆ ಸಂಖ್ಯೆ.

ಇಪ್ಪತ್ತಮೂರು ವರ್ಷ ಮೇಷ್ಟ್ರಾಗಿ ಬದುಕಿದವನಿಗೆ ಈ ಓದು ಬೇಕಿರಲಿಲ್ಲ. ಸ್ನಾತಕೋತ್ತರ ಪದವಿ ಇಲ್ಲದವರು ಹೆಡ್‌ಮಾಸ್ಟರ್ ಆಗುವಂತಿಲ್ಲ ಎಂದು ನಿಯಮ ಬಂದು, ಅವನ ಕೈಕೆಳಗೆ ಸೇರಿಕೊಂಡಿದ್ದವನೇ ಹೆಡ್‌ಮಾಸ್ಟರ್ ಆಗಿ, ಒಂದು ದಿನ ಹಾಜರಿ ಪುಸ್ತಕ ಮುಂದೆ ತಳ್ಳಿ 'ಸರ್, ನೀವು ಹತ್ತು ನಿಮಿಷ ಲೇಟು' ಎಂದ ಮೇಲೆ ಅರ್ಜಿ ಹಾಕಿದ್ದ. ಸಂಶೋಧನೆಗೆ ವಿಷಯವನ್ನು ಗೈಡೇ ಆರಿಸಿಕೊಟ್ಟಿದ್ದರು. ಮೂರನೇ ತರಗತಿಯ ಎರಡು ಸೆಕ್ಷನ್ನುಗಳಿಗೂ ಅವನೇ ಮೇಷ್ಟ್ರು. ಎ ಸೆಕ್ಷನ್ನಿಗೆ ಆರು ವಾರ ಚಿತ್ರದ ಕಾರ್ಡುಗಳಿಂದ ಓದು ಕಲಿಸುವುದು. ಬಿ ಸೆಕ್ಷನ್ನಿಗೆ ಅದೇ ಪಾಠಪುಸ್ತಕ, ಅದೇ ಹಳೇ ರಾಗ. ಕೊನೆಗೆ ಎರಡಕ್ಕೂ ಒಂದೇ ಪರೀಕ್ಷೆ. ಎ ಸೆಕ್ಷನ್ನು ಪ್ರಾಯೋಗಿಕ ಗುಂಪು, ಬಿ ಸೆಕ್ಷನ್ನು ನಿಯಂತ್ರಿತ ಗುಂಪು. ನಿಯಂತ್ರಿತ ಗುಂಪು ಎಂದರೆ ಏನನ್ನೂ ಕೊಡದೆ ಸುಮ್ಮನೆ ಕೂರಿಸಿಟ್ಟ ಮಕ್ಕಳು ಎಂದು ಮೊದಲ ದಿನವೇ ಅರ್ಥವಾಗಿತ್ತು. ಪುಸ್ತಕದಲ್ಲಿ ಅದನ್ನು ಹಾಗೆ ಬರೆದಿರಲಿಲ್ಲ, ಅಷ್ಟೆ.

ಬಾಗಿಲು ತೆಗೆದ ಸದ್ದಾಯಿತು. ರಾತ್ರಿ ಪಾಳಿ ಮುಗಿಸಿ ಬಂದ ಹೆಂಡತಿ ಗೋಡೆಗೆ ಒರಗಿ ನಿಂತು ಒಂದೊಂದೇ ಬೂಟು ಕಳಚಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳ ಕಾಲು ಊದಿದ್ದು ಅವನ ಕಣ್ಣಿಗೆ ಬಿತ್ತು, ಕೇಳಬೇಕೆಂದುಕೊಂಡು ಕೇಳಲಿಲ್ಲ.

"ಇನ್ನೂ ಹೊರಟಿಲ್ವಾ? ಒಳ್ಳೆ ಸ್ಕೂಲಿಗೆ ಹೋಗಲ್ಲ ಅಂತ ಹಟ ಮಾಡೋ ಮಗು ಕೂತ ಹಾಗೆ ಕೂತಿದೀರಲ್ರೀ."

"ಹೊರಟೆ."

"ಆ ಹುಡುಗಿ ವಿಷಯ ಗೈಡಿಗೆ ಹೇಳಿದ್ರಾ?"

"ಫೋನಲ್ಲಿ ಹೇಳ್ದೆ. ಬನ್ನಿ, ನೋಡೋಣ ಅಂದ್ರು."

ಹೆಂಡತಿ ಲೋಟದಲ್ಲಿ ನೀರು ತುಂಬಿಕೊಂಡು ಬಂದು ಅವನ ಪಕ್ಕ ಕೂತಳು. "ನಮ್ಮಲ್ಲಿ ಒಂದು ಸಲ ಒಂದು ಹೊಸ ಮಾತ್ರೆ ಪರೀಕ್ಷೆ ಮಾಡ್ತಿದ್ರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಬರೀ ಸಕ್ಕರೆ. ಮಾತ್ರೆ ಕೆಲಸ ಮಾಡ್ತಿದೆ ಅಂತ ಗೊತ್ತಾದ ದಿನವೇ ಪರೀಕ್ಷೆ ನಿಲ್ಸಿ ಎಲ್ರಿಗೂ ಕೊಟ್ಬಿಟ್ರು. ನಿಮ್ಮಲ್ಲಿ ಹಾಗೆಲ್ಲ ಇಲ್ವಾ?"

"ಅದು ಪ್ರಾಣದ ವಿಷಯ ಕಣೇ."

"ಓದೇನು, ಉಗುರಿನ ವಿಷಯವಾ?"

ಅವಳು ತಮಾಷೆಗೇ ಅಂದದ್ದು. ಅಂದು ಅಲ್ಲೇ ಅಡ್ಡಾಗಿ ಕಣ್ಣು ಮುಚ್ಚಿಯೂ ಬಿಟ್ಟಳು. ಅವನಿಗೆ ಸಿಟ್ಟು ಬಂತು. ಇಷ್ಟು ದಣಿದವಳಿಗೆ ಇಷ್ಟು ಸಲೀಸಾಗಿ ನಿದ್ದೆ ಬರುವುದರ ಮೇಲೆ ಸಿಟ್ಟು. ಎರಡನೆಯ ಕಾಲುಚೀಲ ಎಳೆದುಕೊಂಡು, ಪ್ರಬಂಧದ ಕಟ್ಟನ್ನೂ ಅಂಕಪಟ್ಟಿಯನ್ನೂ ಎದೆಗವಚಿಕೊಂಡು ಓಡಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಜಿನ ಮೇಲೆ ಯಾರದೋ ತಲೆಯೆಣ್ಣೆಯ ಗುರುತು ಮಂಜಿನ ಹಾಗೆ ಹರಡಿತ್ತು. ಅದರಾಚೆ ಅಂಗಡಿಗಳು ಶಟರ್ ಎತ್ತುತ್ತಿದ್ದವು, ಒಬ್ಬಳು ಬಕೆಟ್ಟಿನ ನೀರನ್ನು ಮೆಟ್ಟಿಲಿಗೆ ಚೆಲ್ಲಿದಳು. ಸ್ಕೂಲಿನ ಕಿಟಕಿ ಗಾಜಿಗೆ ಅವನು ಸುದ್ದಿಪತ್ರಿಕೆ ಅಂಟಿಸಿದ್ದೂ ಹೀಗೇ ಒಂದು ಬೆಳಿಗ್ಗೆ. ಎ ಸೆಕ್ಷನ್ನಿನ ಪಾಠ ಬಿ ಸೆಕ್ಷನ್ನಿನ ಮಕ್ಕಳ ಕಣ್ಣಿಗೆ ಬೀಳಬಾರದು, ಬಿದ್ದರೆ ಗುಂಪು ಕಲುಷಿತವಾಗುತ್ತದೆ ಎಂದು ಗೈಡು ಹೇಳಿದ್ದರು. ಕಲುಷಿತ ಎಂಬ ಮಾತನ್ನು ಅಲ್ಲಿಯವರೆಗೆ ಅವನು ನೀರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಮೇಜಿನ ಮೇಲೆ ಹತ್ತಿ ನಿಂತು ವರಾಂಡದ ಕಡೆಯ ಕಿಟಕಿಗಳಿಗೆಲ್ಲ ಅಂಟು ಸವರಿ ಕಾಗದ ಬಡಿಯುತ್ತಿದ್ದಾಗ ಕೆಳಗಿನಿಂದ ಒಂದು ಪಿಸುದನಿ, "ಸರ್, ನಮಗ್ಯಾವಾಗ?" ಎಂದು ಕೇಳಿತ್ತು. ಬಗ್ಗಿ ನೋಡಿದರೆ ಚೋಟು, ಬಿ ಸೆಕ್ಷನ್ನಿನ ಆ ಹತ್ತೊಂಬತ್ತನೆಯ ಸಾಲಿನವಳು. ವಯಸ್ಸಿಗೆ ತಕ್ಕ ಎತ್ತರವಿಲ್ಲದ್ದಕ್ಕೆ ಇಡೀ ಸ್ಕೂಲು ಇಟ್ಟ ಹೆಸರು ಅದು. ಎ ಸೆಕ್ಷನ್ನಿನ ಬಾಗಿಲಲ್ಲಿ ನೀರು ಕುಡಿಯುವ ನೆಪದಲ್ಲಿ ಅವಳು ನಿಲ್ಲುವುದನ್ನು ಅವನು ಆಗಲೇ ಎರಡು ಮೂರು ಸಲ ನೋಡಿದ್ದ.

"ಯಾವಾಗ ಏನು?"

"ಚಿತ್ರದ ಕಾರ್ಡು."

"ನಿಮಗೆ ಆಮೇಲೆ."

"ಆಮೇಲೆ ಅಂದ್ರೆ?"

"ಆಮೇಲೆ ಅಂದ್ರೆ ಆಮೇಲೆ. ಹೋಗು ಕ್ಲಾಸಿಗೆ."

ಹೋಗು ಎಂದದ್ದು ಕೈಯಲ್ಲಿದ್ದ ಅಂಟಿನ ಕುಂಚವನ್ನು ಬೀಸಿ. ಅದರಿಂದ ಒಂದು ಹನಿ ಅವಳ ಹಣೆಯ ಮೇಲೆ ಬಿದ್ದಿತ್ತು. ಅವಳು ಒರೆಸಿಕೊಳ್ಳದೆ ಹೋದಳು.

"ಸರ್, ಎಲ್ಲಿಗೆ, ಯೂನಿವರ್ಸಿಟಿಗಾ?" ಕಂಡಕ್ಟರ್ ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋಗದೆ ಸೀಟಿನ ಹಿಡಿ ಹಿಡಿದು ನಿಂತ. ಐವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಪೆನ್ನು. "ಗುರುತು ಸಿಗ್ಲಿಲ್ವಾ ಸರ್? ಚೋಟು ಅಪ್ಪ ನಾನು. ಈ ರೂಟಿಗೆ ಈ ವಾರ ಹಾಕಿದಾರೆ."

ಅವನು ಎದ್ದು ನಿಲ್ಲಲು ಹೋಗಿ ಮೇಲಿನ ಕಂಬಿಗೆ ತಲೆ ಬಡಿಸಿಕೊಂಡ.

"ಕೂತ್ಕೊಳ್ಳಿ ಸರ್, ಕೂತ್ಕೊಳ್ಳಿ. ನಾನೇ ಸ್ಕೂಲಿಗೆ ಬಂದು ಹೇಳ್ಬೇಕು ಅಂತಿದ್ದೆ. ಹುಡುಗಿ ಓದ್ತಾಳೆ ಸರ್! ಅಂಗಡಿ ಬೋರ್ಡು, ಸೋಪಿನ ಪೊಟ್ಟಣ, ನನ್ನ ಡ್ಯೂಟಿ ಚೀಟಿ, ಯಾವುದನ್ನೂ ಬಿಡಲ್ಲ. ಮೊನ್ನೆ ನಮ್ಮವಳ ಔಷಧಿ ಬಾಟ್ಲಿ ಮೇಲಿದ್ದದ್ದನ್ನ ಓದಿ, ಅಮ್ಮ ಇದು ಹಚ್ಕೊಳ್ಳೋದು, ಕುಡಿಯೋದಲ್ಲ ಅಂದ್ಳು. ಎರಡು ವರ್ಷ ಆ ಮಗು ಒಂದಕ್ಷರ ಕೂಡ್ಸಿ ಓದಿದ್ದಿಲ್ಲ. ನೀವು ಅದೇನು ಮಾಡಿದ್ರೋ ಸರ್."

"ಅವಳೇ... ಅವಳೇ ಚುರುಕು."

"ಎಲ್ಲಿ ಚುರುಕು! ನಿಮ್ಮ ಕೈಗುಣ." ಕಂಡಕ್ಟರ್ ಬಗ್ಗಿ ದನಿ ತಗ್ಗಿಸಿದ. "ಒಂದೇ ತಮಾಷೆ. ನಾನು ಓದ್ತೀನಿ ಅಂತ ಸರ್‌ಗೆ ಹೇಳ್ಬೇಡ ಅಪ್ಪ ಅಂತಾಳೆ. ಪಾಠ ಹೇಳ್ಕೊಟ್ಟವ್ರಿಗೇ ಗೊತ್ತಿಲ್ದೆ ಇರುತ್ತಾ? ಮಕ್ಕಳ ಬುದ್ಧಿ ನೋಡಿ."

ಕಂಡಕ್ಟರ್ ನಗುತ್ತಾ ಹಿಂದಿನ ಸೀಟುಗಳತ್ತ ಹೋದ. ಅವನೂ ನಕ್ಕಿದ್ದ, ಆ ನಗು ಮುಖದಿಂದ ಇಳಿಯಲು ಒಂದು ಸ್ಟಾಪು ಹಿಡಿಯಿತು. ಕೈಗುಣ. ಐದನೆಯ ವಾರ ಪೆಟ್ಟಿಗೆಯಲ್ಲಿ ಒಂಬತ್ತು ಕಾರ್ಡು ಕಡಿಮೆ ಬಂದಾಗ ಇದೇ ಕೈಯಲ್ಲಿ ಬಿ ಸೆಕ್ಷನ್ನಿನ ಇಪ್ಪತ್ತೊಂದು ಚೀಲಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಸುರಿದಿದ್ದ. ಮುರಿದ ಬಳಪ, ಅರ್ಧ ತಿಂದ ಬ್ರೆಡ್ಡು, ಹಕ್ಕಿಯ ಪುಕ್ಕ, ಬಾಟಲಿಯ ಮುಚ್ಚಳಗಳು. ಹತ್ತೊಂಬತ್ತನೆಯ ಚೀಲದಲ್ಲಿ ಕರ್ಚೀಫಿನಲ್ಲಿ ಸುತ್ತಿಟ್ಟ ಒಂಬತ್ತು ಕಾರ್ಡು ಸಿಕ್ಕವು. ಒಂದರ ಮೂಲೆಯೂ ಮಡಿಸಿರಲಿಲ್ಲ. ಇಷ್ಟು ಜೋಪಾನವಾಗಿ ಅವನು ಸಹ ಅವನ್ನು ಇಟ್ಟುಕೊಂಡಿರಲಿಲ್ಲ. "ಇದು ಯಾರದು?" "ನಂದಲ್ಲ ಸರ್." "ಮತ್ತೆ ನಿನ್ನ ಚೀಲದಲ್ಲಿ ಹೇಗೆ ಬಂತು?" ಚೋಟು ತುಟಿ ಒಳಗೆಳೆದುಕೊಂಡು ನಿಂತಳು. ಹಿಂದಿನ ಬೆಂಚಿನಿಂದ ಯಾರೋ "ಕಳ್ಳಿ" ಎಂದರು. ಇನ್ನೊಬ್ಬರೂ ಹಾಗೇ ಎಂದರು. ಆಮೇಲೆ ಅದು ಒಂದು ಸಣ್ಣ ಹಾಡಾಯಿತು. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ತಾನು ಹೊಡೆಯುವ ಮೇಷ್ಟ್ರಲ್ಲ ಎಂಬುದರ ಬಗ್ಗೆ ಅವನಿಗೆ ಮೊದಲಿಂದಲೂ ಒಂದು ಹೆಮ್ಮೆ. ಆ ಮಾತನ್ನು ಕೇಳಿಸಿಕೊಂಡು, ಕೇಳಿಸದವನ ಹಾಗೆ ತಿರುಗಿ ಬೋರ್ಡಿನ ಮೇಲೆ ದಿನಾಂಕ ಬರೆದ, ಅಷ್ಟೆ. ಸೀಮೆಸುಣ್ಣ ಮುರಿಯಿತು.

ಮಾರನೆಯ ದಿನ ಎ ಸೆಕ್ಷನ್ನಿನ ಎರಡು ಜಡೆಯ ಹುಡುಗಿ ಬಿಕ್ಕುತ್ತಾ ಸ್ಟಾಫ್ ರೂಮಿಗೆ ಬಂದು, ಕಾರ್ಡು ಕೊಟ್ಟದ್ದು ತಾನೇ, ತಮ್ಮಿಬ್ಬರದೂ ಅಕ್ಕಪಕ್ಕದ ಮನೆ, ದಿನಾ ಸಂಜೆ ಮೆಟ್ಟಿಲ ಮೇಲೆ ಸ್ಕೂಲಾಟ ಆಡುತ್ತೇವೆ, ತಾನು ಮೇಷ್ಟ್ರು, ಚೋಟು ಮಗು, ಕಾರ್ಡನ್ನು ಮಾರನೆಯ ದಿನ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದೆ ಎಂದಳು. "ಸರ್, ನಾನು ಹೇಗೆ ಹೇಳ್ಕೊಡ್ತೀನಿ ಗೊತ್ತಾ, ನಿಮ್ಮ ತರಾನೇ." ಅವನು "ಆಯ್ತು ಹೋಗು" ಎಂದಿದ್ದ. ಬಿ ಸೆಕ್ಷನ್ನಿಗೆ ಹೋಗಿ, ಮಕ್ಕಳೇ, ಚೋಟು ಕದ್ದಿರಲಿಲ್ಲ ಎಂದು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಹೇಳಿದರೆ ಎರಡು ಗುಂಪುಗಳ ನಡುವೆ ಕಾರ್ಡು ಓಡಾಡಿದ್ದು ಎಲ್ಲರಿಗೂ ತಿಳಿಯುತ್ತದೆ, ಹೆಡ್‌ಮಾಸ್ಟರ್ ಕಿವಿಗೆ ಬೀಳುತ್ತದೆ, ಐದು ವಾರದ ಕೆಲಸ ನೀರುಪಾಲು. ಪರೀಕ್ಷೆ ಮುಗಿಯಲಿ ಎಂದುಕೊಂಡ. ಪರೀಕ್ಷೆ ಮುಗಿಯಿತು. ಮೂವತ್ತೇಳು ಬಂತು. ನಂಬದೆ ಅವಳನ್ನು ಒಬ್ಬಳನ್ನೇ ಸ್ಟಾಫ್ ರೂಮಿಗೆ ಕರೆಸಿ ಇನ್ನೊಮ್ಮೆ ಓದಿಸಿದ. ಗಾಳಿಗೆ ಹಾಳೆ ಮಗುಚಿದಷ್ಟೇ ಸದ್ದಿನಲ್ಲಿ, ಪ್ರತಿ ಪದಕ್ಕೂ ಒಮ್ಮೆ ಅವನ ಮುಖ ನೋಡಿ, ಈ ಸಲ ನಲವತ್ತರಲ್ಲಿ ಮೂವತ್ತೆಂಟು ಪದ ಓದಿದಳು. ಶಹಬ್ಬಾಸ್ ಎನ್ನಬೇಕಾದ ಜಾಗದಲ್ಲಿ ಅವನ ಬಾಯಿಂದ ಬಂದದ್ದು "ಯಾರು ಹೇಳ್ಕೊಟ್ರು?" ಎಂಬ ಪ್ರಶ್ನೆ. ಉತ್ತರ ಗೊತ್ತಿದ್ದೂ ಕೇಳಿದ ಪ್ರಶ್ನೆ. ಅವಳು ತುಟಿ ಒಳಗೆಳೆದುಕೊಂಡಳು.

ವಿಶ್ವವಿದ್ಯಾಲಯ ಎಂದರೆ ಎರಡು ಕಟ್ಟಡ, ಒಂದು ನೀರಿನ ಟ್ಯಾಂಕು, ಗೇಟಿಗಿಂತ ದೊಡ್ಡದಾದ ಒಂದು ನಾಮಫಲಕ. ಗೇಟಿನಲ್ಲಿ ಹೊಸ ಕಾವಲುಗಾರ ಅವನನ್ನು ತಡೆದು, "ಪೇರೆಂಟ್ಸ್ ಆಫೀಸಿಗೆ ಆ ಕಡೆಯಿಂದ ಸಾರ್" ಎಂದ. ಗುರುತಿನ ಚೀಟಿ ತೋರಿಸಿದ. ಕಾವಲುಗಾರ ಚೀಟಿಯ ಫೋಟೋ, ಮುಖ, ಮತ್ತೆ ಫೋಟೋ ನೋಡಿ, "ಸ್ಟೂಡೆಂಟಾ?" ಎಂದು ನಗು ನುಂಗಿಕೊಂಡ. ಶಿಕ್ಷಣ ವಿಭಾಗ ಹಿಂದಿನ ಕಟ್ಟಡದ ಕೊನೆಗೆ, ಮೂರು ಕೋಣೆ, ಮೊದಲು ಉಗ್ರಾಣವಾಗಿತ್ತಂತೆ. ಇಡೀ ತರಗತಿಗೆ ಏಳು ಜನ, ಅವನನ್ನು ಬಿಟ್ಟರೆ ಎಲ್ಲರೂ ಇಪ್ಪತ್ತೈದರ ಒಳಗಿನವರು, ಅವನನ್ನು ಅಂಕಲ್ ಎನ್ನುವವರು. ಮೊದಲ ಸೆಮಿಸ್ಟರಿನಲ್ಲಿ ಇದೇ ಕೋಣೆಯಲ್ಲಿ ಅವರೆಲ್ಲ ಮಕ್ಕಳಂತೆ ನಟಿಸುತ್ತಾ ಕೂತು, ಅವನು ಅವರಿಗೆ ಹತ್ತು ನಿಮಿಷದ ಮಾದರಿ ಪಾಠ ಮಾಡಿದ್ದ. ಒಬ್ಬ ಹುಡುಗ ತುಂಟನ ಪಾತ್ರ ವಹಿಸಿ ಕಾಗದದ ಉಂಡೆ ಎಸೆದಾಗ, ಇಪ್ಪತ್ತಮೂರು ವರ್ಷದ ಅಭ್ಯಾಸದಿಂದ ಅವನು ನಿಜವಾಗಿಯೇ ಗದರಿಬಿಟ್ಟ. ಗೈಡು ಹಾಳೆಯಲ್ಲಿ ತರಗತಿ ನಿರ್ವಹಣೆ: ಸುಮಾರು ಎಂದು ಬರೆದಿದ್ದರು. ಅಕ್ಷರ: ಸುಮಾರು. ಆ ಹಾಳೆಯನ್ನು ಅವನು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ.

ಗೈಡು ಅವನಿಗಿಂತ ಹದಿನೈದು ವರ್ಷ ಚಿಕ್ಕವರು. ಬಾಗಿಲು ತಟ್ಟಿದಾಗ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಇನ್ನೊಂದರಲ್ಲಿ ಯಾರದೋ ಹಾಳೆಗಳಿಗೆ ಸಹಿ ಹಾಕುತ್ತಿದ್ದರು. ಕಣ್ಣಿನ ಕೆಳಗೆ ಕಪ್ಪು. ಬೆಳಗಿಂದ ಏನೂ ತಿಂದಿಲ್ಲ ಅನ್ನಿಸುತ್ತದೆ ಎಂದುಕೊಂಡು, ಹೆಂಡತಿಯ ಊದಿದ ಕಾಲು ನೆನಪಾಗಿ, ತನ್ನ ಸುತ್ತ ಎಲ್ಲರೂ ದಣಿದಿದ್ದಾರೆ, ಯಾರೂ ಯಾರನ್ನೂ ಕೂತ್ಕೋ ಎನ್ನುತ್ತಿಲ್ಲ ಅನ್ನಿಸಿತು.

"ಕೂತ್ಕೊಳ್ಳಿ ಸರ್," ಎಂದರು ಗೈಡು.

ಅಂಕಪಟ್ಟಿ ಬಿಚ್ಚಿ, ಕಂಪ್ಯೂಟರಿನ ಲೆಕ್ಕದ ಹಾಳೆಯನ್ನು ಪಕ್ಕದಲ್ಲಿಟ್ಟು, ಬಿಸ್ಕತ್ತಿನ ಪುಡಿ ಊದಿ, ಹತ್ತೊಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು. "ಇವಳನ್ನ ಇಟ್ಕೊಂಡ್ರೆ ಎರಡು ಗುಂಪಿನ ವ್ಯತ್ಯಾಸ ಸಾಲಲ್ಲ ಸರ್. ನಿಮ್ಮ ವಿಧಾನದಿಂದ ಉಪಯೋಗ ಆಯ್ತು ಅಂತ ಹೇಳೋ ಹಾಗಿಲ್ಲ. ಬಿಟ್ರೆ ಆಗುತ್ತೆ. ಚೆನ್ನಾಗೇ ಆಗುತ್ತೆ."

"ಆದ್ರೆ ಮೇಡಂ, ಅವಳು ಕಲಿತದ್ದೂ ನನ್ನ ಕಾರ್ಡಿನಿಂದಲೇ. ಇನ್ನೊಂದು ಮಗು ಅವಳಿಗೆ ಹೇಳ್ಕೊಟ್ಟಿದೆ. ದಿನಾ ಸಂಜೆ, ಮೆಟ್ಟಿಲ ಮೇಲೆ. ನಾನು ಕಲಿಸಿದವ್ರಿಗಿಂತ ಇವಳೇ ಚೆನ್ನಾಗಿ ಓದ್ತಾಳೆ. ಅದೂ ಒಂದು... ಅದನ್ನೂ ಬರೀಬಹುದಲ್ವಾ?"

"ಅದು ಕಥೆ ಸರ್. ದತ್ತಾಂಶ ಅಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಆಮೇಲೆ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡು, "ನೋಡಿ, ಏಳರಲ್ಲಿ ಇಬ್ರು ಆಗಲೇ ಬಿಟ್ಟು ಹೋಗಿದಾರೆ. ಈ ವರ್ಷ ಐದು ಜನವೂ ಪಾಸಾಗ್ಲಿಲ್ಲ ಅಂದ್ರೆ ಈ ವಿಭಾಗ ಇರುತ್ತೋ ಇಲ್ವೋ. ನೀವು ಮತ್ತೆ ಮಾಡ್ತೀನಿ ಅಂದ್ರೆ ಮಾಡಿ, ನಾನು ಬೇಡ ಅನ್ನಲ್ಲ. ಬೇರೆ ಮಕ್ಕಳು, ಇನ್ನೊಂದು ವರ್ಷ. ಪರೀಕ್ಷೆ ದಿನ ಒಂದೊಂದು ಮಗು ಬಂದಿರಲ್ಲ, ಅದೆಲ್ಲ ಸಹಜ. ಬರೀರಿ ಅಂತ ನಾನು ಹೇಳ್ತಿಲ್ಲ. ನಿರ್ಧಾರ ನಿಮ್ದು," ಎಂದರು. ಎಂದು, ಬಿಳಿ ತಿದ್ದುಮಸಿಯ ಪುಟ್ಟ ಬಾಟಲಿಯನ್ನು ಅವನತ್ತ ಸರಿಸಿ, ಫೋನು ಬಂದವರಂತೆ ಎದ್ದು ವರಾಂಡಕ್ಕೆ ಹೋದರು. ಫೋನು ಬಂದಿರಲಿಲ್ಲ.

ಇನ್ನೊಂದು ವರ್ಷ. ಇನ್ನೊಂದು ವರ್ಷದ ಶನಿವಾರಗಳು, ಅಂಕಲ್ ಅನ್ನಿಸಿಕೊಳ್ಳುವುದು, ಕಿಟಕಿಗೆ ಕಾಗದ ಅಂಟಿಸುವುದು, ಇನ್ನೊಂದು ಬಿ ಸೆಕ್ಷನ್ನು. ತಾನೀಗ ಏನನ್ನು ಯೋಚಿಸಬೇಕು ಎಂದು ಅವನಿಗೆ ಗೊತ್ತಿತ್ತು. ಕಂಡಕ್ಟರನ ಮುಖ, ಆ ಔಷಧಿ ಬಾಟಲಿ, ಕರ್ಚೀಫು. ಅವೆಲ್ಲ ಬಂದವು, ಬಂದು ಎದುರು ಸಾಲಾಗಿ ನಿಂತವು. ಆದರೆ ಅವನಿಗೆ ತೂಕಡಿಕೆ ಬರುತ್ತಿತ್ತು. ಕೆಟ್ಟದ್ದನ್ನು ಮಾಡಲು ಸಿಟ್ಟೋ ಆಸೆಯೋ ಬೇಕು ಎಂದು ತಿಳಿದಿದ್ದ. ಏನೂ ಬೇಕಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿದ. ಕುಂಚದ ತುದಿಯಿಂದ ಮೂರನ್ನು ಮುಚ್ಚಿದ, ಏಳನ್ನು ಮುಚ್ಚಿದ, ತುಟಿ ಹತ್ತಿರ ತಂದು ಊದಿದ. ಒಣಗಿದ ಮೇಲೆ ಗೈರುಹಾಜರು ಎಂದು ಬರೆದ. ಅಕ್ಷರ ದುಂಡಗೆ ಬಂತು, ಯಾರೂ ಸುಮಾರು ಅನ್ನುವ ಹಾಗಿರಲಿಲ್ಲ. ಏಳರ ಬಾಲ ಮಾತ್ರ ಬಿಳಿಯ ಅಂಚಿನಿಂದ ಹೊರಗೆ ಉಳಿದಿತ್ತು. ಅದರ ಮೇಲೂ ಒಂದು ಚುಕ್ಕೆ ಇಟ್ಟ.

ಗೈಡು ಬಂದರು, ಅದನ್ನು ನೋಡದೆಯೇ ಮುಂದಿನ ಹಾಳೆಗೆ ಸಹಿ ಹಾಕಿದರು. ಲೆಕ್ಕ ಬದಲಾದ ಒಂದು ಪುಟವನ್ನು ಅಲ್ಲೇ ಮತ್ತೆ ಮುದ್ರಿಸಿಕೊಟ್ಟರು. ಹನ್ನೆರಡೂ ನಲವತ್ತಕ್ಕೆ ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಗುಮಾಸ್ತೆ ಕಟ್ಟನ್ನು ತೆಗೆದುಕೊಂಡು, ಪುಟ ತಿರುವದೆ, ಬೆನ್ನಿನ ಮೇಲೆ ಮುದ್ರೆ ಒತ್ತಿ ಹಿಂದಕ್ಕೆ ಎಸೆದ. ಅದು ಗೋಡೆಯ ಪಕ್ಕದ ರಾಶಿಯ ಮೇಲೆ ಬಿತ್ತು. ಹೊರಗೆ ಜೊತೆಯವರಿಬ್ಬರು ನಿಂತಿದ್ದರು. "ಅಂಕಲ್, ಮುಗೀತಾ?" ಎಂದರು. "ಮುಗೀತಪ್ಪ" ಎಂದ. ಆಗ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಎರಡು ವರ್ಷದಿಂದ ಬಿಗಿ ಹಿಡಿದಿದ್ದ ಏನೋ ಭುಜದಿಂದ ಜಾರಿ ಮೈ ಹಗುರವಾಯಿತು. ಹೊಟ್ಟೆ ಹಸಿಯಿತು. ಕ್ಯಾಂಟೀನಿನಲ್ಲಿ ಕೂತು ತಟ್ಟೆಯಲ್ಲಿ ಬಡಿಸಿದ್ದನ್ನೆಲ್ಲ ತಿಂದ, ಇನ್ನೊಂದು ಸಲ ಹಾಕಿಸಿಕೊಂಡ. ಆಮೇಲೆ ನೆನೆಸಿಕೊಂಡಾಗಲೆಲ್ಲ ಅವನಿಗೆ ನಾಚಿಕೆ ತಂದದ್ದು ತಿದ್ದುಮಸಿಯಲ್ಲ, ಆ ಊಟದ ರುಚಿ.

ಮನೆಗೆ ಬಂದಾಗ ಹೆಂಡತಿ ಎದ್ದು ಒಗೆದ ಬಟ್ಟೆ ಹಿಂಡುತ್ತಿದ್ದಳು.

"ಆಯ್ತಾ?"

"ಆಯ್ತು. ಒಪ್ಪಿಸ್ದೆ."

"ಸದ್ಯ. ಆ ಹುಡುಗಿದೇನು ಮಾಡಿದ್ರಿ?"

"ಅವಳು ಪರೀಕ್ಷೆಗೆ ಬಂದಿರ್ಲಿಲ್ಲ."

ಹೆಂಡತಿಯ ಕೈ ನಿಂತಿತು. ಹಿಂಡಿದ ಸೀರೆಯ ತುದಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. "ಬಂದಿದ್ಳು ಅಂದ್ರಲ್ರೀ. ಎರಡು ಸಲ ಓದಿಸ್ದೆ ಅಂದ್ರಿ."

"ಲೆಕ್ಕದಲ್ಲಿ ಬಂದಿರ್ಲಿಲ್ಲ."

ಅವಳು ಸೀರೆ ಕೊಡವಿದಳು, ಅದರ ತುಂತುರು ಅವನ ಮುಖಕ್ಕೆ ಹೊಡೆಯಿತು. ಬೇಕೆಂದೇ ಕೊಡವಿದಳೋ ಏನೋ, ಅವನು ಕೇಳಲಿಲ್ಲ. ಭಾನುವಾರವಿಡೀ ಇಬ್ಬರೂ ಉಪ್ಪು, ಬೀಗದ ಕೈ, ನೀರಿನ ನಲ್ಲಿ ಇಂಥವನ್ನೇ ಮಾತಾಡಿದರು.

ಸೋಮವಾರ ಎರಡನೆಯ ಪೀರಿಯಡ್ಡಿಗೆ ಅವನು ಕಾರ್ಡಿನ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಬಿ ಸೆಕ್ಷನ್ನಿಗೆ ಹೋದ. ಪ್ರಯೋಗ ಮುಗಿದಿತ್ತು, ಇನ್ನು ಯಾರೂ ಯಾವುದನ್ನೂ ಕಲುಷಿತಗೊಳಿಸುವಂತಿರಲಿಲ್ಲ. ಮಕ್ಕಳು ಪೆಟ್ಟಿಗೆ ನೋಡಿ ಬೆಂಚಿನ ಮೇಲೆ ಮಂಡಿಯೂರಿ ನಿಂತರು. ಆರು ವಾರ ಯಾಕೆ ಕೊಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮಕ್ಕಳಿಗೆ ಈಗ ಎಂದರೆ ಈಗ. ಅವನು ಚಿತ್ರ ತೋರಿಸಿ, ಕಾರ್ಡು ತಿರುಗಿಸಿ, ಪದ ಹೇಳಿದ. ಅವನು ಹೇಳಿದ್ದನ್ನು ಇಪ್ಪತ್ತೊಂದು ಬಾಯಿ ಒಟ್ಟಿಗೆ ಹೇಳಿದವು. "ದೋಣಿ." "ದೋಣಿ!" "ಕಿಟಕಿ." "ಕಿಟಕಿ!" ಅವರ ದನಿಯಲ್ಲಿ ಎಂಥ ಹಸಿವಿತ್ತೆಂದರೆ, ಅವನಿಗೆ ಒಂದೆರಡು ಕಾರ್ಡು ಕಣ್ಣಿಗೆ ಕಾಣದಾಯಿತು. ಹತ್ತು ಪದ ಆದ ಮೇಲೆ, ಇದಕ್ಕಾಗಿಯೇ ಬಂದದ್ದು ಎಂದು ಆಗ ಮಾತ್ರ ಒಪ್ಪಿಕೊಂಡವನ ಹಾಗೆ, "ಚೋಟು, ಇದನ್ನ ನೀನೊಬ್ಬಳೇ ಓದು" ಎಂದು ಒಂದು ಕಾರ್ಡು ಎತ್ತಿ ಹಿಡಿದ. ಎಲ್ಲರ ಮುಂದೆ ಅವಳು ಓದಲಿ, ಎಲ್ಲರ ಮುಂದೆ ಶಹಬ್ಬಾಸ್ ಎನ್ನುತ್ತೇನೆ. ಅದು ಅವನ ಯೋಜನೆ.

ಚೋಟು ಎದ್ದಳು. ಎದ್ದರೂ ಮುಂದಿನ ಹುಡುಗನ ತಲೆಯಷ್ಟೇ ಎತ್ತರ. ಕಾರ್ಡು ನೋಡಲಿಲ್ಲ, ಅವನ ಮುಖ ನೋಡಿದಳು, ಯಾವ ಉತ್ತರ ಬೇಕಾಗಿದೆ ಎಂದು ಅಲ್ಲಿ ಹುಡುಕುವ ಹಾಗೆ.

"ನಂಗೆ ಓದಕ್ಕೆ ಬರಲ್ಲ ಸರ್."

"ಬರುತ್ತೆ ಮರಿ. ಅವತ್ತು ಸ್ಟಾಫ್ ರೂಮಲ್ಲಿ ಓದಿದ್ಯಲ್ಲ."

"ಇಲ್ಲ ಸರ್. ನಾನು ಓದ್ಲಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವನು ಬರೆದದ್ದನ್ನೇ ಒಪ್ಪಿಸುತ್ತಿದ್ದಳು. ಹಾಳೆ ಎಲ್ಲೋ ರಾಶಿಯಲ್ಲಿ ಬಿದ್ದಿತ್ತು, ಅದನ್ನು ಅವಳು ನೋಡಿರಲಿಲ್ಲ, ನೋಡುವುದೂ ಇಲ್ಲ. ಆದರೂ ಅದರಂತೆಯೇ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಇನ್ನೊಬ್ಬನ ಕಿವಿಯಲ್ಲಿ ಆ ಹಳೆಯ ಮಾತನ್ನು ಹೇಳಿ ಕಿಸಕ್ಕೆಂದ. ಈ ಸಲ ಅವನು ಬೋರ್ಡಿನ ಕಡೆ ತಿರುಗಲಿಲ್ಲ. ತಿರುಗದೆ ನಿಲ್ಲುವುದು ಅಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಕುತ್ತಿಗೆ ತಾನಾಗಿಯೇ ಹೊರಳುತ್ತಿತ್ತು.

"ಅವತ್ತು ನಾನು ಮಾಡಿದ್ದು ತಪ್ಪು," ಎಂದ.

ಅವನ ಕೈಯಲ್ಲಿ ಇನ್ನೂ ಕಾರ್ಡು ಎತ್ತಿ ಹಿಡಿದದ್ದು ಹಾಗೇ ಇತ್ತು. ತರಗತಿ ಒಂದೇ ಉಸಿರಿನಲ್ಲಿ ಕೂಗಿತು: "ಅವತ್ತು ನಾನು ಮಾಡಿದ್ದು ತಪ್ಪು!"

"ಇದು ಹೇಳೋದಲ್ಲ."

"ಇದು ಹೇಳೋದಲ್ಲ!"

ಅವನಿಗೆ ನಗು ಬಂತು. ಕೈ ಇಳಿಸಿಬಿಟ್ಟರೆ ಮಕ್ಕಳು ಸುಮ್ಮನಾಗುತ್ತಾರೆ ಎಂದು ಗೊತ್ತಿತ್ತು. ಇಳಿಸಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವನಿಗೆ ನಿಜವಾಗಿ ಬರುತ್ತಿದ್ದ ಕೆಲಸ ಅದೊಂದೇ, ಹೇಳಿ ಹೇಳಿಸುವುದು. ದನಿ ಸರಿಮಾಡಿಕೊಂಡು, ಪದಗಳನ್ನು ಬಿಡಿಸಿ, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದ: "ಚೋಟು, ಕದ್ದಿಲ್ಲ."

"ಚೋಟು, ಕದ್ದಿಲ್ಲ!"

ಕಿಸಕ್ಕೆಂದಿದ್ದವನೂ ಹೇಳಿದ. ಪಕ್ಕದ ಸೆಕ್ಷನ್ನಿನ ಗದ್ದಲ ತಟ್ಟನೆ ನಿಂತಿತು. ಅವನು ಇನ್ನೊಮ್ಮೆ ಹೇಳಿದ, ಅವರೂ ಇನ್ನೊಮ್ಮೆ ಹೇಳಿದರು. ಅವಳು ಕೂರಲಿಲ್ಲ, ಅಳಲಿಲ್ಲ. ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದು ಅವನನ್ನೇ ನೋಡುತ್ತಿದ್ದಳು. ತುಟಿ ಮಾತ್ರ ಒಳಗೆಳೆದುಕೊಂಡದ್ದು ಹಾಗೇ ಇತ್ತು. ಗಂಟೆ ಹೊಡೆಯುವವರೆಗೂ ಅವನು ಆ ತುಟಿಯನ್ನೇ ನೋಡುತ್ತಾ ಹೇಳಿಕೊಡುತ್ತಲೇ ಇದ್ದ.